ಯುದ್ಧ ನಡೆಯುತ್ತಿರುವ ಹಳ್ಳಿಯಲ್ಲಿ ಯುವಕರ ಶಾಂತಿ ತಂಡ ಕಟ್ಟಬಹುದೇ?

ಓದುಗರ ಪ್ರಶ್ನೆ:

"ನಾನು ಒಂದು ಪರಿಹಾರ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಸದ್ಯ ಅಂತರ್ಯುದ್ಧ ನಡೆಯುತ್ತಿರುವ ಒಂದು ದೇಶದ ಹಳ್ಳಿಗಾಡಿನಲ್ಲಿದ್ದೇನೆ. ಅಲ್ಲಿನವರ ಸುರಕ್ಷತೆಗಾಗಿ ಜಾಗದ ಹೆಸರು ಬರೆಯುತ್ತಿಲ್ಲ. ಇಲ್ಲಿ ಹಗಲು ಸೈನ್ಯ ಓಡಾಡುತ್ತದೆ, ರಾತ್ರಿ ಬಂಡುಕೋರರು ಬರುತ್ತಾರೆ. ಊರೊಳಗೂ ಎರಡು ಪಂಗಡಗಳಿವೆ. ನೀರು ಮತ್ತು ಮೇವಿನ ಜಾಗಕ್ಕೆ ಮೊದಲೇ ಜಗಳವಿತ್ತು, ಈಗ ಅದಕ್ಕೆ ಬಂದೂಕು ಸೇರಿಕೊಂಡಿದೆ. 16ರಿಂದ 25 ವರ್ಷದ ಕೆಲವು ಹುಡುಗ ಹುಡುಗಿಯರು ನಮ್ಮ ಹತ್ತಿರ ಬಂದು 'ನಾವೂ ಏನಾದರೂ ಮಾಡುತ್ತೇವೆ' ಎನ್ನುತ್ತಿದ್ದಾರೆ. ನಮಗೆ ಹಣ ಕೊಡುವವರು ಆರು ತಿಂಗಳ ಯೋಜನೆ ಕೇಳಿದ್ದಾರೆ: ಫುಟ್‌ಬಾಲ್ ಪಂದ್ಯ, ಹೊಲಿಗೆ ಮತ್ತು ಮೊಬೈಲ್ ರಿಪೇರಿ ತರಬೇತಿ, ಕೊನೆಗೆ ಒಂದು ಶಾಂತಿ ಜಾಥಾ. ಊರ ಹಿರಿಯರು ಮಾತ್ರ 'ಹುಡುಗರನ್ನು ಇದಕ್ಕೆಲ್ಲ ಎಳೆಯಬೇಡಿ, ಹೆಣ ಬೀಳುತ್ತದೆ' ಎನ್ನುತ್ತಾರೆ. ಕೆಲಸವಿಲ್ಲದೆ ಸುಮ್ನೆ ಕೂತರೆ ಇವರೇ ನಾಳೆ ಬಂದೂಕು ಹಿಡಿಯುತ್ತಾರೇನೋ ಎಂಬ ಭಯ ನನಗೆ. ಯಾರ ಮಾತು ಕೇಳಲಿ?"

ಉತ್ತರ:

ಹಿರಿಯರ ಮಾತಿನಿಂದಲೇ ಶುರು ಮಾಡೋಣ. ನೀವು, ಹಣ ಕೊಡುವವರು, ಹುಡುಗರು, ಹಿರಿಯರು, ಇಷ್ಟು ಜನರಲ್ಲಿ ಅಪಾಯ ಎಲ್ಲಿದೆ ಎಂದು ಸರಿಯಾಗಿ ಗೊತ್ತಿರುವುದು ಹಿರಿಯರಿಗೇ. ಯಾವ ಮನೆಯ ಮಗ ಯಾರ ಜೊತೆ ಹೋಗಿದ್ದಾನೆ, ಯಾವ ದಾರಿಯಲ್ಲಿ ಯಾವ ಹೊತ್ತಿಗೆ ನಡೆಯಬಾರದು, ಇಲ್ಲಿ ಆಡಿದ ಮಾತು ಸಂಜೆಯೊಳಗೆ ಯಾರ ಕಿವಿಗೆ ಬೀಳುತ್ತದೆ, ಇದೆಲ್ಲ ಅವರಿಗೆ ಗೊತ್ತು. ಆದರೆ ಅವರ ಮಾತಲ್ಲಿ ಸಾಮಾನ್ಯವಾಗಿ ಎರಡು ವಿಷಯ ಬೆರೆತಿರುತ್ತವೆ. ಒಂದು, ಮಕ್ಕಳಿಗೆ ಏನಾಗಿಬಿಡುತ್ತದೋ ಎಂಬ ನಿಜವಾದ ಭಯ. ಇನ್ನೊಂದು, ಊರಿನ ವ್ಯವಹಾರದಲ್ಲಿ ಹುಡುಗರು ಬಾಯಿ ಹಾಕಲು ಶುರು ಮಾಡಿದರೆ ತಮ್ಮ ಮಾತು ನಡೆಯುವುದಿಲ್ಲ ಎಂಬ ಅಳುಕು. ಮೊದಲನೆಯದನ್ನು ಹಾಗೇ ಒಪ್ಪಿಕೊಳ್ಳಿ. ಎರಡನೆಯದನ್ನು ಕೂತು ಮಾತಾಡಿ ಬಗೆಹರಿಸಿಕೊಳ್ಳಿ. ಬೇರೆ ಬೇರೆ ಹಿರಿಯರನ್ನು ಒಬ್ಬೊಬ್ಬರಾಗಿ ಕಂಡು ಕೇಳಿದರೆ ಯಾವುದು ಎಷ್ಟಿದೆ ಎಂದು ತಿಳಿಯುತ್ತದೆ. ಸಭೆಯಲ್ಲಿ ಕೇಳಿದರೆ ತಿಳಿಯುವುದಿಲ್ಲ.

ತಂಡ ಕಟ್ಟಬಹುದು ಅನ್ನೋದೇ ನನ್ನ ಉತ್ತರ. ಆದರೆ ಅದಕ್ಕೆ ಶಾಂತಿ ತಂಡ ಎಂದು ಹೆಸರಿಟ್ಟು, ಒಂದೇ ಬಣ್ಣದ ಟೀ ಶರ್ಟ್ ಹಾಕಿಸಿ, ರಸ್ತೆಗೆ ಇಳಿಸಬೇಡಿ. ಹುಡುಗರು ಏನು ಮಾಡಬೇಕು ಎಂದು ಕೇಳುವುದಕ್ಕೆ ಮುಂಚೆ ಎರಡು ವಿಷಯ ಇತ್ಯರ್ಥ ಆಗಬೇಕು. ಅವರಿಗೆ ತೊಂದರೆಯಾದರೆ ಯಾರು ಎದುರು ನಿಲ್ಲುತ್ತಾರೆ? ಊರಿನ ಯಾವ ತೀರ್ಮಾನ ನಿಜವಾಗಿಯೂ ಅವರ ಕೈಗೆ ಬರುತ್ತದೆ? ಇವೆರಡಕ್ಕೆ ಉತ್ತರವಿಲ್ಲದೆ ಶುರುವಾದ ಯುವ ಯೋಜನೆಗಳು ಫೋಟೋ ತೆಗೆಸಿಕೊಂಡು ಮುಗಿಯುತ್ತವೆ. ಕೆಲವು ಅದಕ್ಕಿಂತ ಕೆಟ್ಟದಾಗಿ ಮುಗಿಯುತ್ತವೆ.

ಕೆಲಸವಿಲ್ಲದವನು ಬಂದೂಕು ಹಿಡಿಯುತ್ತಾನೆಯೇ?

ನಿಮ್ಮ ಭಯ ಹೊಸದಲ್ಲ. ದೊಡ್ಡ ದೊಡ್ಡ ಸರ್ಕಾರಗಳೂ ಇದನ್ನೇ ನಂಬಿ ಹಣ ಸುರಿದಿವೆ. ಆದರೆ ಸ್ವಲ್ಪ ಯೋಚಿಸಿ. ನಿಮ್ಮ ಸುತ್ತಲಿನ ಊರುಗಳಲ್ಲಿ ಕೆಲಸವಿಲ್ಲದ ಯುವಕರು ಎಷ್ಟು ಜನ, ಅವರಲ್ಲಿ ಬಂದೂಕು ಹಿಡಿದವರು ಎಷ್ಟು ಜನ? ಎಂಥಾ ಯುದ್ಧದಲ್ಲೂ ಹೆಚ್ಚಿನ ಯುವಕರು ಆಯುಧದಿಂದ ದೂರವೇ ಇರುತ್ತಾರೆ. 2015ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಯುವಕರು ಮತ್ತು ಶಾಂತಿಯ ಬಗ್ಗೆ 2250ನೇ ನಿರ್ಣಯ ಅಂಗೀಕರಿಸಿತು. ಅದರ ಬೆನ್ನಿಗೆ ನಡೆದ ಸ್ವತಂತ್ರ ಅಧ್ಯಯನ 2018ರಲ್ಲಿ ಹೊರಬಂತು. ಯುವಕರೆಂದರೆ ಹಿಂಸೆಗೆ ಕಾದು ಕೂತವರು ಎಂಬ ನಂಬಿಕೆಗೆ ಆಧಾರವಿಲ್ಲ, ಈ ನಂಬಿಕೆಯ ಮೇಲೆ ನಿಂತ ನೀತಿಗಳೇ ಯುವಕರನ್ನು ದೂರ ತಳ್ಳುತ್ತಿವೆ ಎಂದು ಅದು ಹೇಳಿತು.

ಹಾಗಾದರೆ ಹೋಗುವವರು ಯಾಕೆ ಹೋಗುತ್ತಾರೆ? ಕೆಲವರನ್ನು ಎಳೆದುಕೊಂಡು ಹೋಗುತ್ತಾರೆ. ಕೆಲವರು ಮನೆಯವರನ್ನು ಉಳಿಸಿಕೊಳ್ಳಲು ಹೋಗುತ್ತಾರೆ, ಒಬ್ಬ ಮಗನನ್ನು ಕೊಟ್ಟರೆ ಉಳಿದವರನ್ನು ಬಿಡುತ್ತಾರೆ ಎಂಬ ಲೆಕ್ಕ. ಅಣ್ಣನನ್ನು ಕೊಂದವರ ಮೇಲೆ ಸೇಡು ತೀರಿಸಿಕೊಳ್ಳಲು ಹೋಗುವವರಿದ್ದಾರೆ. ಚೆಕ್‌ಪೋಸ್ಟಿನಲ್ಲಿ ಎಲ್ಲರೆದುರು ಕಪಾಳಕ್ಕೆ ಹೊಡೆಸಿಕೊಂಡು ಅದನ್ನು ಮರೆಯಲಾಗದೆ ಹೋಗುವವರಿದ್ದಾರೆ. ಹಳ್ಳಿಗಾಡಿನಲ್ಲಿ ಇನ್ನೊಂದು ಕಾರಣವಿದೆ, ನಗರದಲ್ಲಿ ಕೂತು ಯೋಜನೆ ಬರೆಯುವವರಿಗೆ ಇದು ಕಾಣುವುದೇ ಇಲ್ಲ. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನಿನ ಯುದ್ಧ 1991ರಿಂದ 2002ರವರೆಗೆ ನಡೆಯಿತು. ಅಲ್ಲಿನ ಹಳ್ಳಿಗಳನ್ನು ಹತ್ತಿರದಿಂದ ಕಂಡ ಮಾನವಶಾಸ್ತ್ರಜ್ಞ ಪಾಲ್ ರಿಚರ್ಡ್ಸ್ ಬೊಟ್ಟು ಮಾಡಿದ್ದು ಊರಿನ ಒಳಗಿನ ಅನ್ಯಾಯದ ಕಡೆಗೆ. ಭೂಮಿ ಮತ್ತು ಮದುವೆ ಎರಡೂ ಊರ ಮುಖಂಡರ ಮತ್ತು ಹಿರಿಯರ ಹಿಡಿತದಲ್ಲಿದ್ದವು. ಬಡ ಹುಡುಗ ಒಂದು ಹುಡುಗಿಯನ್ನು ಇಷ್ಟಪಟ್ಟರೆ ದಂಡ. ದಂಡ ಕಟ್ಟಲಾಗದಿದ್ದರೆ ಹಿರಿಯರ ಹೊಲದಲ್ಲಿ ದುಡಿತ. ಹೀಗೆ ಊರು ಬಿಟ್ಟು ಅಲೆಯುತ್ತಿದ್ದ ಹುಡುಗರು ಬಂಡುಕೋರರಿಗೆ ಸುಲಭವಾಗಿ ಸಿಕ್ಕರು.

ನಿಮಗೆ ಇದು ಯಾಕೆ ಮುಖ್ಯ ಎಂದರೆ, ಹುಡುಗರ ಅಸಮಾಧಾನ ಸರ್ಕಾರದ ಮೇಲೆ ಮಾತ್ರ ಇರುವುದಿಲ್ಲ. ನೀವು ಒಪ್ಪಿಗೆ ಕೇಳಲು ಹೋಗುವ ಹಿರಿಯರ ಮೇಲೂ ಇರಬಹುದು. ಅದನ್ನು ತಿಳಿದುಕೊಳ್ಳದೆ ಇಬ್ಬರನ್ನೂ ಒಂದೇ ಚಾಪೆ ಮೇಲೆ ಕೂರಿಸಿದರೆ ಹುಡುಗರು ತಲೆ ಆಡಿಸಿ ಎದ್ದು ಹೋಗುತ್ತಾರೆ ಅಷ್ಟೇ.

ಇನ್ನು ಹೊಲಿಗೆ ಮತ್ತು ಮೊಬೈಲ್ ರಿಪೇರಿ. ಕಲಿತರೆ ಒಳ್ಳೆಯದೇ. ಆದರೆ ಇದರಿಂದ ಶಾಂತಿ ಬರುತ್ತದೆ ಎಂದು ವರದಿಯಲ್ಲಿ ಬರೆಯಬೇಡಿ. ಅಫ್ಘಾನಿಸ್ತಾನದ ಕಂದಹಾರದಲ್ಲಿ ಮರ್ಸಿ ಕೋರ್ ಎಂಬ ಪರಿಹಾರ ಸಂಸ್ಥೆ ಯುವಕರಿಗೆ ಕೊಟ್ಟ ಕಸುಬಿನ ತರಬೇತಿಯನ್ನು ಅಳೆದು ನೋಡಿ 2018ರಲ್ಲಿ ವರದಿ ಮಾಡಿತು. ಬರೀ ತರಬೇತಿಯಿಂದ ಸಶಸ್ತ್ರ ಗುಂಪುಗಳ ಕಡೆಗಿನ ಒಲವು ಕಡಿಮೆಯಾಗಲಿಲ್ಲ. ಬರೀ ನಗದು ಕೊಟ್ಟಾಗ ಬಂದ ಬದಲಾವಣೆ ಬಾಳಲಿಲ್ಲ. ಎರಡನ್ನೂ ಸೇರಿಸಿ ಕೊಟ್ಟಾಗ ಕೆಲವು ತಿಂಗಳ ನಂತರವೂ ಪರಿಣಾಮ ಕಾಣಿಸಿತು. ಲೈಬೀರಿಯಾದಲ್ಲಿ ಮಾಜಿ ಹೋರಾಟಗಾರರಿಗೆ ಕೃಷಿ ತರಬೇತಿ, ಸಲಹೆ, ಜೊತೆಗೆ ಉಪಕರಣ ಮತ್ತು ಬಿತ್ತನೆಗೆ ಬೇಕಾದ ಸಾಮಾನು ಕೊಟ್ಟ ಒಂದು ಕಾರ್ಯಕ್ರಮವನ್ನು ಕ್ರಿಸ್ಟೋಫರ್ ಬ್ಲಾಟ್‌ಮನ್ ಮತ್ತು ಜೀನಿ ಆನನ್ ಎಂಬ ಸಂಶೋಧಕರು ಅಧ್ಯಯನ ಮಾಡಿದರು. ಅಕ್ರಮ ಕೆಲಸಕ್ಕೆ ಹೋಗುವ ಹೊತ್ತು ಸುಮಾರು 20% ಇಳಿಯಿತು, ಪೂರ್ತಿ ನಿಲ್ಲಲಿಲ್ಲ. ನನಗೆ ಅದರಲ್ಲಿ ಹೆಚ್ಚು ಮುಖ್ಯ ಎನಿಸಿದ್ದು ಬೇರೆಯೇ. ಅದೇ ಹೊತ್ತಿಗೆ ಪಕ್ಕದ ಐವರಿ ಕೋಸ್ಟ್‌ನಲ್ಲಿ ಯುದ್ಧ ಶುರುವಾಗಿ ಕೂಲಿ ಸೈನಿಕರನ್ನು ಹುಡುಕುತ್ತಿದ್ದರು. ಮುಂದಿನ ಕಂತಿನ ನೆರವು ಇನ್ನೂ ಬರುವುದಿದೆ ಎಂದು ಕಾಯುತ್ತಿದ್ದವರು ಅತ್ತ ಹೋಗಲು ಹೆಚ್ಚು ಹಿಂಜರಿದರು. ಅಂದರೆ ಮುಗಿದ ತರಬೇತಿಗಿಂತ ಮುಂದೆ ಬರಲಿರುವ ಆಸರೆ ಜಾಸ್ತಿ ಹಿಡಿದಿಡುತ್ತದೆ. ಸರ್ಟಿಫಿಕೇಟ್ ಕೊಟ್ಟು ಜೀಪು ಹತ್ತಿ ಹೊರಡುವ ಯೋಜನೆಗೆ ಈ ಗುಣ ಇರುವುದಿಲ್ಲ.

ಫುಟ್‌ಬಾಲ್ ಮತ್ತು ಜಾಥಾ

ಒಟ್ಟಿಗೆ ಆಡಿದರೆ ದ್ವೇಷ ಕರಗುತ್ತದೆ ಎಂಬುದು ಕೇಳಲು ಚೆನ್ನಾಗಿದೆ, ಸ್ವಲ್ಪ ನಿಜವೂ ಹೌದು. ಇರಾಕಿನಲ್ಲಿ ಐಸಿಸ್‌ನಿಂದ ಊರು ಬಿಟ್ಟಿದ್ದ ಕ್ರೈಸ್ತ ಯುವಕರ ಫುಟ್‌ಬಾಲ್ ಲೀಗ್ ಒಂದರಲ್ಲಿ ಕೆಲವು ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿ, ಉಳಿದವನ್ನು ಹಾಗೇ ಬಿಟ್ಟು ಸಲ್ಮಾ ಮೂಸಾ ಎಂಬ ಸಂಶೋಧಕಿ ಹೋಲಿಸಿ ನೋಡಿದರು. 2020ರಲ್ಲಿ ಇದು ಪ್ರಕಟವಾಯಿತು. ಒಂದೇ ತಂಡದಲ್ಲಿ ಆಡಿದವರ ನಡುವೆ ಸ್ನೇಹ ಬೆಳೆಯಿತು, ತಿಂಗಳುಗಳ ನಂತರವೂ ಜೊತೆಗೆ ಅಭ್ಯಾಸ ಮಾಡುತ್ತಿದ್ದರು. ಆದರೆ ಆ ಸ್ನೇಹ ಮೈದಾನದ ಆಚೆಗಿನ ಅಪರಿಚಿತ ಮುಸ್ಲಿಮರವರೆಗೆ ಹೋಗಲಿಲ್ಲ. ಹಾಗಾಗಿ ಆಡಿಸುವುದಾದರೆ ಆಡಿಸಿ, ಒಂದು ಊರಿನ ತಂಡಕ್ಕೆ ಇನ್ನೊಂದು ಊರಿನ ತಂಡ ಎದುರಾಗುವಂತೆ ಮಾತ್ರ ಬೇಡ. ಸೋತ ಊರಿನವರು ಸುಮ್ನೆ ಮನೆಗೆ ಹೋಗುತ್ತಾರೆ ಎಂಬ ಖಾತ್ರಿ ಶಾಂತಿ ಇರುವ ಕಡೆಯೇ ಇಲ್ಲ. ತಂಡಗಳನ್ನೇ ಬೆರೆಸಿ. ಪಂದ್ಯದ ದಿನ, ಹೊತ್ತು, ಜಾಗವನ್ನು ವಾರಗಟ್ಟಲೆ ಮುಂಚೆ ಪೋಸ್ಟರ್ ಹಚ್ಚಿ ಸಾರಬೇಡಿ. ಆಯುಧದವರಿಗೆ ಜನ ಬೇಕಾದಾಗ, ಗಟ್ಟಿಮುಟ್ಟಾದ ಹುಡುಗರೆಲ್ಲ ಒಂದೇ ಬಯಲಲ್ಲಿ ಸೇರುವ ದಿನ ಯಾವುದೆಂದು ನೀವೇ ಹೇಳಿಕೊಟ್ಟ ಹಾಗಾಗುತ್ತದೆ.

ಜಾಥಾ ಬೇಡವೇ ಬೇಡ. ಹಗಲು ಸೈನ್ಯ, ರಾತ್ರಿ ಬಂಡುಕೋರರು ಬರುವ ಊರಲ್ಲಿ ಮುಖ ತೋರಿಸಿ ನಡೆದವರನ್ನು ಎರಡೂ ಕಡೆಯವರು ಲೆಕ್ಕ ಇಟ್ಟುಕೊಳ್ಳುತ್ತಾರೆ. "ಯುದ್ಧ ನಿಲ್ಲಿಸಿ" ಎಂಬುದು ಗೆಲ್ಲುತ್ತಿರುವ ಕಡೆಯವರಿಗೆ ವಿರೋಧದ ಮಾತಾಗಿ ಕೇಳಿಸುತ್ತದೆ. ಸೋಲುತ್ತಿರುವ ಕಡೆಯವರಿಗೆ ಅದು ಶರಣಾಗಿ ಎಂದ ಹಾಗೆ.

ಮಕ್ಕಳು, ಯುವಕರು ಬಹಿರಂಗವಾಗಿ ಶಾಂತಿ ಕೇಳಿದ ದೊಡ್ಡ ಉದಾಹರಣೆ ಕೊಲಂಬಿಯಾದ್ದು. 1996ರ ಅಕ್ಟೋಬರ್‌ನಲ್ಲಿ, ಯುದ್ಧ ಜೋರಾಗಿದ್ದಾಗಲೇ, ಸುಮಾರು 27 ಲಕ್ಷ ಮಕ್ಕಳು ಮತ ಹಾಕಿ ತಮಗೆ ಯಾವ ಹಕ್ಕು ಮುಖ್ಯ ಎಂದು ಹೇಳಿದರು. ಬದುಕುವ ಹಕ್ಕು ಮತ್ತು ಶಾಂತಿ ಮೇಲೆ ಬಂದವು. ಮರುವರ್ಷ ಶಾಂತಿಗಾಗಿ ದೊಡ್ಡವರ ಮತದಾನ ನಡೆಯಲು ಅದೇ ಪ್ರೇರಣೆಯಾಯಿತು. ಇದನ್ನು ಕೇಳಿ ಉತ್ಸಾಹ ಬರುವುದು ಸಹಜ. ಆದರೆ ಮತಪೆಟ್ಟಿಗೆಯಲ್ಲಿ ಯಾರ ಹೆಸರೂ ಇರಲಿಲ್ಲ, ಯುನಿಸೆಫ್ ಮತ್ತು ದೇಶದ ದೊಡ್ಡ ಸಂಘಟನೆಗಳು ಬೆನ್ನಿಗಿದ್ದವು, ಲಕ್ಷಗಟ್ಟಲೆ ಜನರಲ್ಲಿ ಒಬ್ಬರನ್ನು ಗುರುತಿಸುವುದು ಕಷ್ಟವಿತ್ತು. ನಿಮ್ಮ ಹಳ್ಳಿಯ ಹತ್ತಿಪ್ಪತ್ತು ಹುಡುಗರಿಗೆ ಈ ಮೂರರಲ್ಲಿ ಒಂದೂ ಇಲ್ಲ.

ಅದೇ ಕೊಲಂಬಿಯಾದ ಸಾನ್ ಹೋಸೆ ದೆ ಅಪಾರ್ತಾದೋ ಎಂಬ ಹಳ್ಳಿಗಾಡಿನ ರೈತರು 1997ರ ಮಾರ್ಚ್‌ನಲ್ಲಿ ತಮ್ಮನ್ನು ಶಾಂತಿ ಸಮುದಾಯ ಎಂದು ಘೋಷಿಸಿಕೊಂಡರು. ಆಯುಧ ಹಿಡಿಯುವುದಿಲ್ಲ, ಯಾವ ಕಡೆಗೂ ಮಾಹಿತಿ ಕೊಡುವುದಿಲ್ಲ ಎಂಬ ನಿಯಮ. ವಿದೇಶಿ ಸ್ವಯಂಸೇವಕರು ಜೊತೆಗೇ ಇದ್ದು ಕಾವಲಾಗಿ ನಿಂತರು. ಅಷ್ಟಾದರೂ ಅವರು ತೆತ್ತ ಬೆಲೆ ಭಾರೀ. 2005ರ ಫೆಬ್ರವರಿಯ ಒಂದೇ ದಾಳಿಯಲ್ಲಿ ಮಕ್ಕಳೂ ಸೇರಿ 8 ಜನ ಸತ್ತರು. ಅವರು ಮಾಡಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಅದು ಇಡೀ ಊರು ತಿಳಿದೂ ತಿಳಿದು ತೆಗೆದುಕೊಂಡ ತೀರ್ಮಾನ. ಹೊರಗಿನಿಂದ ಬಂದ ಸಂಸ್ಥೆಯೊಂದು ಹದಿಹರೆಯದವರ ಕೈಯಲ್ಲಿ ತೆಗೆಸಬಹುದಾದ ತೀರ್ಮಾನ ಅದಲ್ಲ.

ಯಾರು ಮೊದಲು, ಯಾರು ಆಮೇಲೆ

ಹುಡುಗರಿಂದಲೇ ಶುರು ಮಾಡಬೇಕು ಎಂದೇನಿಲ್ಲ. ಕೀನ್ಯಾದ ಈಶಾನ್ಯದಲ್ಲಿರುವ ವಜೀರ್ ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ. ಅದು ದನ, ಒಂಟೆ ಕಾಯುವವರ ಒಣ ಸೀಮೆ. 1990ರ ದಶಕದ ಶುರುವಿನಲ್ಲಿ ಕುಲಗಳ ನಡುವೆ ನೀರು, ಹುಲ್ಲು, ರಾಜಕೀಯ ಎಲ್ಲ ಸೇರಿ ಕೊಲೆಗಳಾಗುತ್ತಿದ್ದವು. ಮೊದಲು ಮುಂದೆ ಬಂದವರು ಹೆಂಗಸರು. ಡೇಖಾ ಇಬ್ರಾಹಿಂ ಅಬ್ದಿ ಅವರಲ್ಲಿ ಒಬ್ಬರು, ಆಗ ಅವರಿಗೆ ಮೂವತ್ತೂ ಆಗಿರಲಿಲ್ಲ. ಅವರು ಶಾಂತಿ ಮಾತುಕತೆ ಎಂದು ಶುರು ಮಾಡಲಿಲ್ಲ. ಸಂತೆಯಲ್ಲಿ ಯಾವ ಕುಲದ ಹೆಂಗಸಾದರೂ ಭಯವಿಲ್ಲದೆ ಕೊಳ್ಳಬೇಕು, ಮಾರಬೇಕು, ಅಷ್ಟೇ. ಅದು ನೆಲೆಗೊಂಡ ಮೇಲೆ ಹಿರಿಯರ ಹತ್ತಿರ ಹೋದರು. ಮಾತುಕತೆ ನಡೆಸಲು ಬಲವಾದ ಕುಲದವರನ್ನು ಆರಿಸದೆ, ಯಾರಿಗೂ ಬೆದರಿಕೆಯಲ್ಲದ ಸಣ್ಣ ಕುಲದ ಹಿರಿಯರನ್ನು ಮುಂದೆ ಬಿಟ್ಟರು. 1993ರಲ್ಲಿ ಹಿರಿಯರು ಅಲ್ ಫತಾಹ್ ಘೋಷಣೆ ಎಂಬ ಒಪ್ಪಂದಕ್ಕೆ ಬಂದರು. ಯುವಕರ ಗುಂಪು ಬಲ ಪಡೆದದ್ದು ಈ ಆಸರೆ ಸಿಕ್ಕ ಮೇಲೆ. ಅವರು ಊರೂರು ತಿರುಗಿ ಒಪ್ಪಂದದ ವಿಷಯ ಮುಟ್ಟಿಸಿದರು, ತಮಗೆ ಕೆಲಸ ಬೇಕು ಎಂಬ ಬೇಡಿಕೆಯನ್ನೂ ಮುಂದಿಟ್ಟರು.

ಈ ಕ್ರಮ ನನಗೆ ಇಷ್ಟವಾಗುವುದು ಯಾಕೆಂದರೆ, ಅಪಾಯದ ಮೊದಲ ಪೆಟ್ಟು ಹುಡುಗರ ಮೇಲೆ ಬೀಳಲಿಲ್ಲ. ಸಂತೆಗೆ ಬರುವ ಹೆಂಗಸರನ್ನು ಯಾರೂ ಸುಲಭವಾಗಿ ಶತ್ರುವಿನ ಕಡೆಯವರು ಎನ್ನುವುದಿಲ್ಲ. ಇಪ್ಪತ್ತು ವರ್ಷದ ಹುಡುಗ ಪಕ್ಕದ ಊರಿಗೆ ಹೋದರೆ ಸೈನ್ಯಕ್ಕೆ ಅವನು ಬಂಡುಕೋರ, ಬಂಡುಕೋರರಿಗೆ ಮಾಹಿತಿದಾರ. ಆದ್ದರಿಂದ ನಿಮ್ಮ ಊರಲ್ಲೂ ಎರಡೂ ಪಂಗಡದವರು ಈಗಲೂ ಯಾವುದಕ್ಕೆ ಒಟ್ಟಿಗೆ ಬರುತ್ತಾರೆ ಎಂದು ಹುಡುಕಿ. ಸಂತೆಯೋ, ಆರೋಗ್ಯ ಕೇಂದ್ರವೋ, ನೀರಿನ ಜಾಗವೋ ಇದ್ದೇ ಇರುತ್ತದೆ. ಅಲ್ಲಿಂದ ಶುರು ಮಾಡಿ.

ಏನು ಮಾಡಬಹುದು, ಎಲ್ಲಿ ಕೈ ಸುಡುತ್ತದೆ

ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಹೊಳೆದದ್ದು ನೀರು ಮತ್ತು ಮೇವಿನ ಜಗಳ. ಯುದ್ಧ ನಿಲ್ಲಿಸುವುದು ನಿಮ್ಮ ಕೈಯಲ್ಲೂ ಇಲ್ಲ, ಹುಡುಗರ ಕೈಯಲ್ಲೂ ಇಲ್ಲ. ಈ ಜಗಳ ಮಾತ್ರ ಊರಿನ ಕೈಯಲ್ಲಿದೆ. ಎರಡೂ ಪಂಗಡದ ಯುವಕರು ಸೇರಿ ನೀರಿನ ಸರದಿ ಯಾರದು, ಯಾವ ಬಾವಿ ಕೆಟ್ಟಿದೆ, ದನ ಯಾವ ದಾರಿಯಲ್ಲಿ ಹೋದರೆ ಬೆಳೆ ಹಾಳಾಗುವುದಿಲ್ಲ ಎಂಬುದನ್ನು ಗುರುತು ಮಾಡಲಿ. ರಿಪೇರಿ ಅವರೇ ಮಾಡಲಿ, ಅದಕ್ಕೆ ಕೂಲಿ ಕೊಡಿ. ರಿಪೇರಿ ಹಣದ ಲೆಕ್ಕವೂ ಅವರ ಹತ್ತಿರವೇ ಇರಲಿ. ಇಲ್ಲಿ ತೀರ್ಮಾನ ನಿಜವಾಗಿ ಕೈಗೆ ಬರುತ್ತದೆ. ಅಪಾಯ ಇಲ್ಲವೆಂದಲ್ಲ. ನೀರಿನ ಮೇಲೆ ಹಿಡಿತವಿದ್ದ ಯಾರಿಗೋ ಇದರಿಂದ ನಷ್ಟವಾಗುತ್ತದೆ, ಅವರಿಗೆ ಆಯುಧದವರ ನಂಟು ಇರಬಹುದು. ಕೆಲಸ ಶುರು ಮಾಡುವ ಮುಂಚೆಯೇ ಆ ಮನುಷ್ಯ ಯಾರು ಎಂದು ಗೊತ್ತು ಮಾಡಿಕೊಳ್ಳಿ. ಇನ್ನೊಂದು ಎಚ್ಚರಿಕೆ: ಜಾಗಗಳ ನಕ್ಷೆ ಬರೆಯುವುದು ಬೇಹುಗಾರಿಕೆಯಂತೆ ಕಾಣುತ್ತದೆ. ಕಾಗದ, ಜಿಪಿಎಸ್ ಯಾವುದೂ ಹುಡುಗರ ಜೇಬಿನಲ್ಲಿ ಇರಬಾರದು.

ಶಾಲೆ ಇನ್ನೊಂದು ಒಳ್ಳೆಯ ಜಾಗ. ನೇಪಾಳದಲ್ಲಿ 1996ರಿಂದ 2006ರವರೆಗೆ ನಡೆದ ಯುದ್ಧದಲ್ಲಿ ಹಳ್ಳಿಯ ಶಾಲೆಗಳು ಎರಡೂ ಕಡೆಯವರಿಂದ ನಲುಗಿದವು. ಮಾವೋವಾದಿಗಳು ವಿದ್ಯಾರ್ಥಿಗಳನ್ನು ಗುಂಪುಗುಂಪಾಗಿ ಕರೆದೊಯ್ಯುತ್ತಿದ್ದರು, ಭದ್ರತಾ ಪಡೆಗಳೂ ಶಾಲೆಗಳಿಗೆ ನುಗ್ಗುತ್ತಿದ್ದವು. ಆಗ ಸಂಸ್ಥೆಗಳು ಮತ್ತು ಊರಿನವರು ಸೇರಿ ಶಾಲೆಯೆಂದರೆ ಶಾಂತಿ ವಲಯ ಎಂಬ ಪ್ರಯತ್ನ ನಡೆಸಿದರು. ಶಾಲೆಯ ಆವರಣಕ್ಕೆ ಆಯುಧ ತರಬಾರದು, ಪ್ರಚಾರ ಮಾಡಬಾರದು ಎಂಬಂಥ ಸಣ್ಣ ನಿಯಮಗಳಿಗೆ ಎರಡೂ ಕಡೆಯವರನ್ನು ಸ್ಥಳೀಯವಾಗಿ ಒಪ್ಪಿಸುವುದೇ ಅದರ ತಿರುಳು. ಯುದ್ಧ ಮುಗಿದ ಮೇಲೆ, 2011ರಲ್ಲಿ, ಸರ್ಕಾರವೇ ಅದನ್ನು ಘೋಷಿಸಿತು. ಇದರಲ್ಲಿ ಯುವಕರು ಮಾಡಬಹುದಾದ್ದು ಬೇಕಾದಷ್ಟಿದೆ. ಚಿಕ್ಕವರನ್ನು ಗುಂಪಾಗಿ ಶಾಲೆಗೆ ಕರೆದೊಯ್ಯುವುದು, ಬಿಟ್ಟ ಮಕ್ಕಳನ್ನು ಮರಳಿ ಕರೆತರುವುದು, ಮೇಷ್ಟರಿಲ್ಲದ ಕಡೆ ಪಾಠ ಹೇಳುವುದು. ಆಯುಧದವರ ಜೊತೆ ಮಾತಾಡಿ ಒಪ್ಪಿಸುವ ಕೆಲಸ ಮಾತ್ರ ಹಿರಿಯರು, ಶಿಕ್ಷಕರು, ಧಾರ್ಮಿಕ ಮುಖಂಡರು ಮತ್ತು ನಿಮ್ಮ ಸಂಸ್ಥೆಯದ್ದು.

ರೇಡಿಯೋ ಹಳ್ಳಿಗೆ ಚೆನ್ನಾಗಿ ಒಗ್ಗುತ್ತದೆ, ರಸ್ತೆ ಬೇಕಿಲ್ಲ, ಸಭೆ ಬೇಕಿಲ್ಲ. ರ‍್ವಾಂಡಾದಲ್ಲಿ ನರಮೇಧದ ನಂತರ ಪ್ರಸಾರವಾದ ಒಂದು ರೇಡಿಯೋ ನಾಟಕದ ಪರಿಣಾಮವನ್ನು ಎಲಿಜಬೆತ್ ಲೆವಿ ಪಾಲಕ್ ಎಂಬ ಸಂಶೋಧಕಿ ಅಳೆದು 2009ರಲ್ಲಿ ಬರೆದರು. ಕೇಳಿದವರ ಒಳಗಿನ ನಂಬಿಕೆ ಅಷ್ಟೇನೂ ಬದಲಾಗಲಿಲ್ಲ, ಆದರೆ ಊರಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬ ತಿಳಿವಳಿಕೆ ಬದಲಾಯಿತು, ಒಪ್ಪದ ಮಾತನ್ನು ಬಾಯಿಬಿಟ್ಟು ಹೇಳುವ ಧೈರ್ಯ ಬಂತು. ನಿಮ್ಮ ಹುಡುಗರು ಕಥೆ ಕಟ್ಟಬಲ್ಲವರಾದರೆ ಇದನ್ನು ಯೋಚಿಸಿ. ದನಿ ಗುರುತು ಸಿಗುವುದರಿಂದ ಓದಿ ಅಭಿನಯಿಸುವವರು ಬೇರೆ ಊರಿನವರಾಗಿದ್ದರೆ ಒಳ್ಳೆಯದು.

ದೌರ್ಜನ್ಯಗಳನ್ನು ಬರೆದಿಡುವ ಕೆಲಸಕ್ಕೆ ಯುವಕರು ತುಂಬಾ ಉತ್ಸಾಹದಿಂದ ಬರುತ್ತಾರೆ, ಕೈಯಲ್ಲಿ ಮೊಬೈಲ್ ಇರುತ್ತದಲ್ಲ. ನಾನು ಬೇಡ ಎನ್ನುತ್ತೇನೆ. ಇದು ನುರಿತವರ ಕೆಲಸ. ಒಂದು ವಿಡಿಯೋ ಸಿಕ್ಕಿದರೆ ಅದನ್ನು ತೆಗೆದವನೂ ಹೋಗುತ್ತಾನೆ, ಅದರಲ್ಲಿ ಮಾತಾಡಿದವರೂ ಹೋಗುತ್ತಾರೆ.

ಸಶಸ್ತ್ರ ಗುಂಪುಗಳಿಂದ ಮರಳಿ ಬಂದವರನ್ನು ಊರಿಗೆ ಸೇರಿಸಿಕೊಳ್ಳುವುದು ಇವೆಲ್ಲಕ್ಕಿಂತ ಸೂಕ್ಷ್ಮ. ನಿಮ್ಮಲ್ಲಿ ಈಗಾಗಲೇ ಕೆಲವರು ತಪ್ಪಿಸಿಕೊಂಡು ಬಂದಿರಬಹುದು. ಎಲ್ಲರನ್ನೂ ಕೂರಿಸಿ ಕ್ಷಮೆ ಕೇಳಿಸುವ ಕಾರ್ಯಕ್ರಮ ಮಾಡೋಣ ಎಂದು ಯಾರಾದರೂ ಹೇಳುತ್ತಾರೆ. ಸಿಯೆರಾ ಲಿಯೋನಿನಲ್ಲಿ ಯುದ್ಧದ ನಂತರ ಇಂಥ ಸಭೆಗಳು ನಡೆದವು. 200 ಹಳ್ಳಿಗಳನ್ನು ಹೋಲಿಸಿದ ಅಧ್ಯಯನ 2016ರಲ್ಲಿ ಬಂತು. ಸಭೆ ನಡೆದ ಹಳ್ಳಿಗಳಲ್ಲಿ ಕ್ಷಮೆ ಹೆಚ್ಚಿತು, ಜನ ಒಬ್ಬರಿಗೊಬ್ಬರು ಜಾಸ್ತಿ ನೆರವಾದರು. ಅದೇ ಜನರಲ್ಲಿ ಖಿನ್ನತೆ, ಆತಂಕ, ಹಳೆಯ ಆಘಾತದ ನೋವೂ ಹೆಚ್ಚಿತು. ಊರು ಗೆದ್ದಿತು, ನೊಂದವರು ಮತ್ತೆ ನೊಂದರು. ಯುದ್ಧ ಇನ್ನೂ ನಡೆಯುತ್ತಿರುವಾಗ, ಮನಸ್ಸಿನ ಆರೈಕೆ ಮಾಡುವವರು ಹತ್ತಿರದಲ್ಲಿ ಇಲ್ಲದಿರುವಾಗ, ಇದಕ್ಕೆ ಕೈ ಹಾಕಬೇಡಿ. ಮರಳಿ ಬಂದವನನ್ನು ಬಾವಿ ರಿಪೇರಿಗೆ ಉಳಿದವರ ಜೊತೆ ಸೇರಿಸಿಕೊಂಡರೆ ಸದ್ಯಕ್ಕೆ ಸಾಕು. ಅವನಿಗೆ ಬೇರೆ ಪಟ್ಟಿ, ಬೇರೆ ಸವಲತ್ತು, ಬೇರೆ ಹೆಸರು ಯಾವುದೂ ಬೇಡ. ನೇಪಾಳದಲ್ಲಿ ಮಾವೋವಾದಿ ಸೇನೆಯ ಶಿಬಿರಗಳಿಂದ 2010ರಲ್ಲಿ ಹೊರಬಂದ 4,008 ಜನರಲ್ಲಿ 2,973 ಮಂದಿ ಕದನವಿರಾಮದ ಹೊತ್ತಿಗೆ ಇನ್ನೂ 18 ತುಂಬದವರು. ಅವರಿಗೆ ಅನರ್ಹರು ಎಂಬ ಹಣೆಪಟ್ಟಿ ಅಂಟಿತು. ಯುದ್ಧದ ವರ್ಷಗಳಿಗಿಂತ ಆ ಹೆಸರಿಗೇ ಹೆಚ್ಚು ಕುದಿದವರಿದ್ದಾರೆ.

ಹುಡುಗಿಯರ ಬಗ್ಗೆ ನಿಮ್ಮ ಪತ್ರದಲ್ಲಿ ಒಂದೇ ಪದ ಇದೆ. ಯೋಜನೆಗಳಲ್ಲೂ ಅಷ್ಟೇ ಇರುತ್ತದೆ. ಸಿಯೆರಾ ಲಿಯೋನಿನಲ್ಲಿ ಆಯುಧ ಒಪ್ಪಿಸಿದವರಿಗೆ ನೆರವು ಎಂಬ ಪದ್ಧತಿ ನಡೆದಾಗ, ಬಂಡುಕೋರರ ಜೊತೆ ವರ್ಷಗಟ್ಟಲೆ ಇದ್ದು ಅಡುಗೆ ಮಾಡಿ, ಹೊರೆ ಹೊತ್ತು, ಬಲವಂತದ ಹೆಂಡತಿಯರಾಗಿ ಬದುಕಿದ ಹುಡುಗಿಯರು ಹೆಚ್ಚಾಗಿ ಹೊರಗೇ ಉಳಿದರು. ಅವರ ಹತ್ತಿರ ಒಪ್ಪಿಸಲು ಬಂದೂಕು ಇರಲಿಲ್ಲ. ನಿಮ್ಮಲ್ಲಿ ನೀರು ಹೊರುವವರು ಹುಡುಗಿಯರೇ ಆಗಿದ್ದರೆ ನೀರಿನ ಸರದಿಯ ಲೆಕ್ಕ ಹಾಕಬೇಕಾದವರೂ ಅವರೇ. ಸೇರುವ ಹೊತ್ತನ್ನು ಅವರನ್ನು ಕೇಳಿ ಇಡಿ. ಸಂಜೆ ಇಟ್ಟರೆ ಒಬ್ಬಳೂ ಬರುವುದಿಲ್ಲ, ಆಮೇಲೆ ಹುಡುಗಿಯರಿಗೆ ಆಸಕ್ತಿ ಇಲ್ಲ ಎಂದು ವರದಿಯಾಗುತ್ತದೆ.

16, 17 ವರ್ಷದವರು

ಇವರನ್ನು ಉಳಿದವರ ಜೊತೆ ಒಂದೇ ಗುಂಪು ಎಂದು ನೋಡಬೇಡಿ. 2250ನೇ ನಿರ್ಣಯದಲ್ಲಿ ಯುವಕರೆಂದರೆ 18ರಿಂದ 29 ವರ್ಷದವರು. ಅದಕ್ಕಿಂತ ಚಿಕ್ಕವರು ಕಾನೂನಿನ ಲೆಕ್ಕದಲ್ಲಿ ಮಕ್ಕಳು. ಯುದ್ಧಕ್ಕೆ ಬಳಕೆಯಾಗುವ ಮಕ್ಕಳ ಬಗ್ಗೆ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ 2007ರ ಪ್ಯಾರಿಸ್ ತತ್ವಗಳ ಪ್ರಕಾರ ಸಶಸ್ತ್ರ ಗುಂಪಿಗೆ ಅಡುಗೆ ಮಾಡಿಕೊಟ್ಟ, ಹೊರೆ ಹೊತ್ತ, ಸುದ್ದಿ ಮುಟ್ಟಿಸಿದ ಮಗುವೂ ಆ ಗುಂಪಿಗೆ ಸಿಕ್ಕಿಕೊಂಡ ಮಗುವೇ, ಬಂದೂಕು ಹಿಡಿದಿರಲೇಬೇಕು ಎಂದಿಲ್ಲ. ಆದ್ದರಿಂದ ಒಳ್ಳೆಯ ಉದ್ದೇಶಕ್ಕೂ ಈ ವಯಸ್ಸಿನವರ ಕೈಯಲ್ಲಿ ಆಯುಧದವರಿಗೆ ಚೀಟಿ, ಸುದ್ದಿ ಕಳಿಸಬೇಡಿ. ಅವನಿಗೆ ದಾರಿ ಚೆನ್ನಾಗಿ ಗೊತ್ತು, ಯಾರೂ ಅನುಮಾನ ಪಡುವುದಿಲ್ಲ ಎಂದು ಯಾರಾದರೂ ಹೇಳಿದರೆ, ಆಯುಧದವರೂ ಮಕ್ಕಳನ್ನು ಬಳಸುವುದು ಅದೇ ಕಾರಣಕ್ಕೆ ಎಂದು ನೆನಪಿಸಿ. ಇವರಿಗೆ ಶಾಲೆಯ ಕೆಲಸ, ಊರೊಳಗಿನ ಕೆಲಸ ಇರಲಿ. ತಂದೆ ತಾಯಿ ಒಪ್ಪಿದರೆ ಸಾಲದು, ಹುಡುಗ ಅಥವಾ ಹುಡುಗಿ ಒಪ್ಪಬೇಕು. ಇಬ್ಬರಲ್ಲಿ ಯಾರು ಬೇಡ ಎಂದರೂ ಅಲ್ಲಿಗೆ ಬಿಡಬೇಕು.

ಪಟ್ಟಿ, ಫೋಟೋ, ಫೋನು ಈ ಮೂರರ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟಾಗಿರಿ. ಹಾಜರಿ ಪುಸ್ತಕದಲ್ಲಿ ಹೆಸರು, ತಂದೆಯ ಹೆಸರು, ಊರು, ಸಹಿ, ಇವೆಲ್ಲ ಹಣ ಕೊಡುವವರಿಗೆ ಲೆಕ್ಕಕ್ಕೆ ಬೇಕು. ಅದೇ ಪುಸ್ತಕ ಚೆಕ್‌ಪೋಸ್ಟಿನಲ್ಲಿ ಸಿಕ್ಕಿದರೆ ಅದು ಸಂಘಟನೆಯ ಸದಸ್ಯರ ಪಟ್ಟಿಯಾಗುತ್ತದೆ. ಹೆಸರಿನ ಬದಲು ಸಂಖ್ಯೆ ಸಾಕು ಎಂದು ಅವರನ್ನು ಮೊದಲೇ ಒಪ್ಪಿಸಿ. ವಾಟ್ಸಾಪ್ ಗುಂಪು ಬೇಡ. ಒಬ್ಬನ ಫೋನು ಕಸಿದುಕೊಂಡರೆ ಎಲ್ಲರ ನಂಬರೂ ಸಿಗುತ್ತದೆ. ನಿಮ್ಮ ಸಂಸ್ಥೆಯ ಪುಟದಲ್ಲಿ ನಗುನಗುತ್ತಾ ನಿಂತ ಹುಡುಗರ ಫೋಟೋ ಹಾಕಬೇಡಿ, ಮುಖ ಮಸುಕು ಮಾಡಿದರೂ ಊರಿನವರಿಗೆ ಅಂಗಿ ನೋಡಿದರೆ ಗೊತ್ತಾಗುತ್ತದೆ.

ಆರು ತಿಂಗಳು

ಮೊದಲ ಎರಡು ತಿಂಗಳು ಹುಡುಗರನ್ನು ಎಲ್ಲಿಗೂ ಕಳಿಸಬೇಡಿ. ಆ ಹೊತ್ತು ಹಿರಿಯರು, ಹೆಂಗಸರು, ಶಿಕ್ಷಕರ ಜೊತೆಗಿನ ಮಾತಿಗೆ ಮೀಸಲಿರಲಿ. ಊರಿನ ಯಾವ ಕೆಲಸ ಯಾರಿಗೆ ಅಸಮಾಧಾನ ತರುತ್ತದೆ ಎಂದು ತಿಳಿಯಲು ಅಷ್ಟಾದರೂ ಬೇಕು. ಹುಡುಗರ ಜೊತೆ ಸಣ್ಣ ಗುಂಪಿನಲ್ಲಿ ಕೂತು ಅವರಿಗೆ ಏನು ಅನ್ಯಾಯ ಎನಿಸುತ್ತದೆ ಎಂದು ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ನಿಮ್ಮ ಹತ್ತಿರ ತಾವಾಗಿ ಬಂದವರು ಓದಿದವರೋ, ರಸ್ತೆ ಪಕ್ಕದ ಮನೆಯವರೋ, ಒಂದೇ ಪಂಗಡದವರೋ ನೋಡಿ. ಸಾಮಾನ್ಯವಾಗಿ ಹಾಗೇ ಇರುತ್ತದೆ. ದೂರದ ಹಟ್ಟಿಯವರು, ದನ ಕಾಯುವವರು ತಾವಾಗಿ ಬರುವುದಿಲ್ಲ, ಅವರಿದ್ದಲ್ಲಿಗೆ ನೀವು ಹೋಗಬೇಕು.

ಹಣದ ಬಗ್ಗೆಯೂ ಒಂದು ಮಾತು. ಸಭೆಗೆ ಬಂದದ್ದಕ್ಕೆ ಭತ್ಯೆ ಕೊಡಬೇಡಿ, ಮಾಡಿದ ಕೆಲಸಕ್ಕೆ ಕೂಲಿ ಕೊಡಿ. ಭತ್ಯೆ ಶುರುವಾದರೆ ಯಾರು ಸದಸ್ಯರು ಎಂಬುದಕ್ಕೇ ಎರಡು ಪಂಗಡದ ನಡುವೆ ಹೊಸ ಜಗಳ ಹುಟ್ಟುತ್ತದೆ. ಕೂಲಿಯನ್ನೂ ಎರಡು ಕಡೆ ಸಮವಾಗಿ ಹಂಚಿ, ಎಲ್ಲರಿಗೂ ಕಾಣುವಂತೆ ಹಂಚಿ.

ಯಾವಾಗ ನಿಲ್ಲಿಸಬೇಕು ಎಂಬುದನ್ನೂ ಈಗಲೇ ಹುಡುಗರ ಜೊತೆ ಕೂತು ಗೊತ್ತು ಮಾಡಿ. ಹುಡುಗರಲ್ಲಿ ಒಬ್ಬನನ್ನು ಹಿಡಿದುಕೊಂಡು ಹೋಗಿ ವಿಚಾರಿಸಿದರೆ, ಒಂದು ಪಂಗಡದವರು ಕಾರಣ ಹೇಳದೆ ಬರುವುದು ನಿಲ್ಲಿಸಿದರೆ, ಆಯುಧದವರು ನಿಮ್ಮ ಕಾರ್ಯಕ್ರಮವನ್ನು ಹೊಗಳಲು ಶುರು ಮಾಡಿದರೆ ಕೆಲಸ ನಿಲ್ಲಬೇಕು. ಹೊಗಳಿಕೆಯನ್ನು ಜನ ಅಪಾಯ ಎಂದುಕೊಳ್ಳುವುದಿಲ್ಲ. ಆದರೆ ಒಂದು ಕಡೆಯವರು ಹೊಗಳಿದ ತಂಡ ಇನ್ನೊಂದು ಕಡೆಯವರ ಕಣ್ಣಿಗೆ ಬೀಳುವುದು ಖಂಡಿತ. ಹಾಗೆ ನಿಲ್ಲಿಸಿದಾಗ ಬಾಕಿ ಕೂಲಿ ಪೂರ್ತಿ ಕೊಡಲು ಮತ್ತು ತುರ್ತಾಗಿ ಒಂದು ಮನೆಯವರನ್ನು ಬೇರೆ ಕಡೆಗೆ ಸಾಗಿಸಲು ಬೇಕಾಗುವ ಹಣ ಬೇರೆ ತೆಗೆದಿಟ್ಟಿರಬೇಕು.

ಹಣ ಕೊಡುವವರಿಗೆ ಏನು ಬರೆಯಬೇಕು ಎಂಬ ಚಿಂತೆ ನಿಮಗಿರುತ್ತದೆ. ಫುಟ್‌ಬಾಲ್ ಇಟ್ಟುಕೊಳ್ಳಿ, ಬೆರೆಸಿದ ತಂಡಗಳೊಂದಿಗೆ. ತರಬೇತಿ ಇಟ್ಟುಕೊಳ್ಳಿ, ಜೊತೆಗೆ ಉಪಕರಣ ಕೇಳಿ, ಎರಡನೇ ಕಂತು ವರ್ಷದ ನಂತರ ಬರುವಂತೆ ಕೇಳಿ. ಜಾಥಾ ತೆಗೆದುಹಾಕಿ ಅದರ ಹಣವನ್ನು ಆ ತುರ್ತು ನಿಧಿಗೆ ಬದಲಿಸಲು ಅನುಮತಿ ಕೇಳಿ. ಯಾಕೆ ಎಂದು ಅವರು ಕೇಳಿದರೆ ಹಿರಿಯರು ಹೇಳಿದ ಮಾತನ್ನೇ ಇದ್ದ ಹಾಗೆ ಬರೆಯಿರಿ. ಒಪ್ಪದಿದ್ದರೆ ಈ ಹಣ ಬಿಟ್ಟುಬಿಡುವುದು ವಾಸಿ. ಬಾವಿ ರಿಪೇರಿಗೆ ಬೇಕಾಗುವಷ್ಟನ್ನು ಬೇರೆ ಕಡೆಯಿಂದ ಹೊಂದಿಸುವುದು ಅಷ್ಟೇನೂ ಕಷ್ಟವಲ್ಲ.